ಮಾನ್ಯತೆ ಇಲ್ಲದ ಪದವಿ: ನಷ್ಟ ಯಾರ ತಲೆಗೆ?

ಪಿ.ಯು.ಸಿ. ಫಲಿತಾಂಶ ಹೊರಬಿದ್ದಿತೆಂದರೆ ಖಾಸಗಿ ವಿಶ್ವವಿದ್ಯಾಲಯಗಳ ಹಂಗಾಮು ಶುರುವಾಯಿತೆಂದೇ ಅರ್ಥ. ಬೆಂಗಳೂರಿನ ರಸ್ತೆಗಳಲ್ಲಿ ನಿಂತ ದೊಡ್ಡ ದೊಡ್ಡ ಫಲಕಗಳು ಸಾಲದೆಂದು ಈಗ ದೊಡ್ಡಬೆಳವಂಗಲ, ಸಾಸಲು, ತೂಬಗೆರೆಯಂತಹ ಹೋಬಳಿ ಕೇಂದ್ರಗಳಿಗೂ ಬಣ್ಣದ ಕರಪತ್ರಗಳು ಬರುತ್ತಿವೆ. ಮಗ್ಗದ ಮನೆಯ ಹುಡುಗನೂ ಕಿರಾಣಿ ಅಂಗಡಿಯವರ ಮಗಳೂ ಇಂಜಿನಿಯರಾಗಬಹುದು, ಮ್ಯಾನೇಜರಾಗಬಹುದು ಎಂದು ಅವು ಸಾರುತ್ತವೆ. ಆಗಲಿ, ಆಗಬೇಕೆಂಬುದೇ ನಮ್ಮ ಆಸೆಯೂ ಹೌದು. ಆದರೆ ಒಡವೆ ಅಡವಿಟ್ಟು, ಚೀಟಿ ಎತ್ತಿ ಕಟ್ಟಿದ ಶುಲ್ಕಕ್ಕೆ ಪ್ರತಿಯಾಗಿ ಬರುವ ಪದವಿಗೆ ಬೆಲೆ ಇದೆಯೇ? ನಾಳೆ ಅದಕ್ಕೆ ಮಾನ್ಯತೆ ಇಲ್ಲವೆಂದಾದರೆ ಆ ನಷ್ಟವನ್ನು ಹೊರುವವರು ಯಾರು? ಈ ಎರಡು ಪ್ರಶ್ನೆಗಳಿಗೆ ಕರಪತ್ರಗಳಲ್ಲಿ ಉತ್ತರವಿಲ್ಲ. ಸರ್ಕಾರವೂ ನೆಟ್ಟಗೆ ಉತ್ತರ ಹೇಳಿಲ್ಲ.

ಪದವಿ ಎಂದರೇನು? ವರ್ತಕ ಬಂಧುಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಂಗಡಿಯ ತಕ್ಕಡಿಗೂ ತೂಕದ ಕಲ್ಲಿಗೂ ಸರ್ಕಾರದ ಮುದ್ರೆ ಬಿದ್ದಿರುತ್ತದೆ. ಗಿರಾಕಿ ನಂಬುವುದು ಕಲ್ಲನ್ನಲ್ಲ, ಆ ಮುದ್ರೆಯನ್ನು. ಪದವಿಯೂ ಹಾಗೆಯೇ. ಕೆಲಸ ಕೊಡುವವನು ಹುಡುಗನ ತಲೆಯೊಳಗೆ ಇಣುಕಿ ನೋಡಲಾರ. ಕಾಗದದ ಮೇಲಿನ ಮುದ್ರೆಯನ್ನು ನೋಡುತ್ತಾನೆ. ಆ ಮುದ್ರೆ ಒತ್ತುವ ಹಕ್ಕು ಯಾರಿಗಿದೆ ಎಂಬುದನ್ನು 1956ರ ವಿಶ್ವವಿದ್ಯಾಲಯ ಅನುದಾನ ಆಯೋಗ ಕಾಯ್ದೆಯ 22ನೇ ಕಲಮು ಸ್ಪಷ್ಟವಾಗಿ ಹೇಳಿದೆ. ಸಂಸತ್ತಿನ ಅಥವಾ ರಾಜ್ಯ ಶಾಸನ ಸಭೆಯ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ, ಕೇಂದ್ರ ಸರ್ಕಾರ ‘ಡೀಮ್ಡ್’ ಎಂದು ಘೋಷಿಸಿದ ಸಂಸ್ಥೆ, ಸಂಸತ್ತು ವಿಶೇಷ ಅಧಿಕಾರ ಕೊಟ್ಟ ಸಂಸ್ಥೆ, ಇವು ಮಾತ್ರ ಪದವಿ ಕೊಡಬಹುದು. ಅಂದಮೇಲೆ ಪದವಿ ಎಂಬುದು ಯಾವ ಧಣಿಯ ಖಾಸಗಿ ಸರಕೂ ಅಲ್ಲ. ಅದು ಸಾರ್ವಜನಿಕರ ಹೆಸರಿನಲ್ಲಿ ಕೊಡುವ ಭರವಸೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಕರಪತ್ರಗಳಲ್ಲಿ ‘ಮಾನ್ಯತೆ ಪಡೆದ’ ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ವಿಷಯಗಳನ್ನು ಅಡಗಿಸಿಡುತ್ತಾರೆ. ಮೊದಲನೆಯದು ಸಂಸ್ಥೆಗೆ ಇರಬೇಕಾದ ಮಾನ್ಯತೆ. ಆಯೋಗದ ಪಟ್ಟಿಯಲ್ಲಿ ಅದರ ಹೆಸರಿರಬೇಕು. ಎರಡನೆಯದು ಕೋರ್ಸಿಗೆ ಬೇಕಾದ ಅನುಮೋದನೆ. ನರ್ಸಿಂಗ್, ಫಾರ್ಮಸಿ, ಕಾನೂನು, ಶಿಕ್ಷಕರ ತರಬೇತಿ ಇವುಗಳಿಗೆ ಆಯಾ ಮಂಡಲಿಯ ಒಪ್ಪಿಗೆ ಬೇಕು. ಮೂರನೆಯದು ಗುಣಮಟ್ಟದ ಶ್ರೇಣಿ. ಇದನ್ನು ಕೊಡುವುದು 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ನಾಗರಭಾವಿಯಲ್ಲಿ ಕಚೇರಿಯುಳ್ಳ ನ್ಯಾಕ್ ಸಂಸ್ಥೆ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರುತ್ತದೆಂದಲ್ಲ. ವಿಶ್ವವಿದ್ಯಾಲಯ ಅಸಲಿಯಾಗಿದ್ದರೂ ಅದರ ನರ್ಸಿಂಗ್ ಕೋರ್ಸಿಗೆ ಅನುಮತಿ ಇಲ್ಲದಿರಬಹುದು. ಹೊಸ ಸಂಸ್ಥೆಗೆ ಎರಡು ತಂಡ ವಿದ್ಯಾರ್ಥಿಗಳು ಓದಿ ಹೊರಬರುವ ತನಕ, ಇಲ್ಲವೇ ಆರು ವರ್ಷ ತುಂಬುವ ತನಕ ನ್ಯಾಕ್ ಶ್ರೇಣಿಗೆ ಅರ್ಜಿ ಹಾಕಲು ಅವಕಾಶವಿರಲಿಲ್ಲ. ಆದ್ದರಿಂದ ಶ್ರೇಣಿ ಇಲ್ಲವೆಂದ ಮಾತ್ರಕ್ಕೆ ಅದು ಮೋಸವೂ ಅಲ್ಲ. ಈ ಮೂರನ್ನೂ ಕಲಸಿ ಒಂದೇ ಮಾಡಿ ಹೇಳುವುದೇ ಮೋಸ.

ಕರ್ನಾಟಕದಲ್ಲಿ ಈ ಮೋಸದ ಹಸಿ ಉದಾಹರಣೆ ಬೇಕೆಂದರೆ ಮೈಸೂರಿನ ಕಡೆ ನೋಡಬೇಕು. 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ದುಡಿಯುವವರ ವಿಶ್ವವಿದ್ಯಾಲಯ. ಹಗಲು ಪಾಳಿ ಮುಗಿಸಿ ರಾತ್ರಿ ಓದುವ ಗಿರಣಿ ಕಾರ್ಮಿಕನಿಗೆ, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಗಳಿಗೆ, ಬಡ್ತಿಗೆ ಕಾದ ಗುಮಾಸ್ತನಿಗೆ ಅದು ಬಾಗಿಲು ತೆರೆಯಿತು. ಅಂತಹ ಸಂಸ್ಥೆ ಮಾಡಿದ್ದೇನು? ತನ್ನ ಹೆಸರನ್ನು ಖಾಸಗಿ ಅಧ್ಯಯನ ಕೇಂದ್ರಗಳಿಗೆ ಬಾಡಿಗೆಗೆ ಕೊಟ್ಟಿತು. ರಾಜ್ಯದ ಗಡಿ ದಾಟಿ ದೇಶದ ನಾನಾ ಕಡೆಗಳಲ್ಲಿ, ಅನುಮತಿ ಇಲ್ಲದ ತಾಂತ್ರಿಕ ಕೋರ್ಸುಗಳನ್ನೂ ಸೇರಿಸಿ, ಆ ಹೆಸರಿನಲ್ಲಿ ವ್ಯಾಪಾರ ನಡೆಯಿತು. 2015ರ ಜೂನ್‌ನಲ್ಲಿ ಆಯೋಗ ಪ್ರಕಟಣೆ ಹೊರಡಿಸಿತು: 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲ. ದಿನಾಂಕಗಳನ್ನು ಗಮನಿಸಿರಿ. ಮಾನ್ಯತೆ ಇಲ್ಲವೆಂದು ಜಗತ್ತಿಗೆ ಡಂಗುರ ಸಾರಿದ್ದು 2015ರಲ್ಲಿ. ಆ ಮಾತು ಅನ್ವಯವಾಗಿದ್ದು ಎರಡು ವರ್ಷ ಹಿಂದಿನಿಂದ! ನಡುವಿನ ಆ ವರ್ಷಗಳಲ್ಲಿ ನಂಬಿ ಶುಲ್ಕ ಕಟ್ಟಿದವರು ಮಾಡಿದ ತಪ್ಪೇನು? ಮಾನ್ಯತೆ ಮತ್ತೆ ಸಿಕ್ಕಿದ್ದು 2018ರ ಆಗಸ್ಟ್‌ನಲ್ಲಿ, ಅದೂ 2018-19ರಿಂದ ಮುಂದಕ್ಕೆ. ಮೂರು ವರ್ಷ ಹೊಸ ಪ್ರವೇಶವೇ ನಿಂತುಹೋಯಿತು. ಹೆಸರು ಬಾಡಿಗೆಗೆ ಪಡೆದವರು ಹಣ ಎಣಿಸಿಕೊಂಡು ಹೋದರು. ಹೆಸರನ್ನು ನಂಬಿದವರು ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು.

ಸರ್ಕಾರಿ ಸಂಸ್ಥೆಯ ಹೆಸರಿಗೇ ಈ ಗತಿಯಾದರೆ, ಹೆಸರೂ ಕಟ್ಟಡವೂ ಇಲ್ಲದ ಖಾಸಗಿ ಅಂಗಡಿಗಳ ಮಾತೇನು? ಛತ್ತೀಸಗಢ ರಾಜ್ಯ 2002ರಲ್ಲಿ ಖಾಸಗಿ ವಿಶ್ವವಿದ್ಯಾಲಯಗಳ ಕಾಯ್ದೆಯೊಂದನ್ನು ಮಾಡಿತು. ಗೆಜೆಟ್‌ನಲ್ಲಿ ಒಂದು ಪ್ರಕಟಣೆ ಬಂದರೆ ಸಾಕು, ಒಂದು ವಿಶ್ವವಿದ್ಯಾಲಯ ಹುಟ್ಟಿತು. ನೂರಕ್ಕೂ ಹೆಚ್ಚು ಹುಟ್ಟಿದವು. ಅನೇಕವಕ್ಕೆ ತರಗತಿಯೂ ಇರಲಿಲ್ಲ, ಪುಸ್ತಕ ಭಂಡಾರವೂ ಇರಲಿಲ್ಲ. ಆಯೋಗದ ಅಧ್ಯಕ್ಷರಾಗಿದ್ದ ವಿಜ್ಞಾನಿ ಪ್ರೊ. ಯಶಪಾಲರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2005ರ ಫೆಬ್ರುವರಿಯಲ್ಲಿ ನ್ಯಾಯಾಲಯ ಆ ವಿಶ್ವವಿದ್ಯಾಲಯಗಳ ಬುಡವನ್ನೇ ಕಿತ್ತುಹಾಕಿತು. ಅಲ್ಲಿ ಸೇರಿದ್ದ ವಿದ್ಯಾರ್ಥಿಗಳ ಹಿತ ಕಾಯಲು ಆ ಸಂಸ್ಥೆಗಳನ್ನು ರಾಜ್ಯದ ವಿಶ್ವವಿದ್ಯಾಲಯಗಳಿಗೆ ಸಂಯೋಜಿಸಬಹುದೆಂದೂ ಹೇಳಿತು. ನಮ್ಮ ಗೋಕಾಕದ ವಿಳಾಸವಿಟ್ಟುಕೊಂಡ ‘ವರ್ಲ್ಡ್ ಓಪನ್ ಯೂನಿವರ್ಸಿಟಿ’ ಹೆಸರಿನ ಸಂಸ್ಥೆಯೊಂದು ಆಯೋಗದ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾಣಿಸಿಕೊಂಡಿತು. ಪಟ್ಟಿಯಲ್ಲಿ ಹೆಸರು ಹಾಕುವುದೇ ಶಿಕ್ಷೆಯಾದರೆ ಅದಕ್ಕೆ ಅಂಜುವವರಾರು?

ಶಿಕ್ಷೆಯ ವಿಷಯ ಬಂದಾಗ ಕಾನೂನಿನ ಎರಡು ತಕ್ಕಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಪದವಿ ಕೊಡುವ ಅಧಿಕಾರವಿಲ್ಲದೆ ಪದವಿ ಕೊಟ್ಟವನಿಗೆ, ‘ವಿಶ್ವವಿದ್ಯಾಲಯ’ ಎಂಬ ಹೆಸರನ್ನು ಅಕ್ರಮವಾಗಿ ಇಟ್ಟುಕೊಂಡವನಿಗೆ 1956ರ ಕಾಯ್ದೆಯ 24ನೇ ಕಲಮು ಬರೆದ ದಂಡ ಹೆಚ್ಚೆಂದರೆ 1,000 ರೂಪಾಯಿ. ಅಂದು ಆ ಹಣಕ್ಕೆ ಬೆಲೆಯಿತ್ತು. ಆರು ದಶಕ ಕಳೆದರೂ ಅದನ್ನು ಏರಿಸುವ ಮನಸ್ಸು ಯಾವ ಸರ್ಕಾರಕ್ಕೂ ಬರಲಿಲ್ಲ. ಆದರೆ 2009ರ ಕಾನೂನು ಮಾಪನ ಕಾಯ್ದೆ ಬರೆದಾಗ, ಮಟ್ಟವಿಲ್ಲದ ತೂಕದ ಕಲ್ಲು ಇಟ್ಟುಕೊಂಡ ಅಂಗಡಿಯವನಿಗೆ 25,000 ರೂಪಾಯಿಯವರೆಗೆ ದಂಡ ವಿಧಿಸಿದರು. ಎರಡನೆಯ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸೆರೆಮನೆ ಎಂದೂ ಸೇರಿಸಿದರು. ಕಾಲು ಕಿಲೋ ಬೇಳೆಯಲ್ಲಿ ತೂಕ ಕದ್ದವನನ್ನು ದಂಡಿಸುವುದು ಸರಿಯೇ. ಆದರೆ ಒಬ್ಬ ಹುಡುಗಿಯ ಮೂರು ವರ್ಷದ ಆಯುಷ್ಯ ಕದ್ದವನ ಅಪರಾಧ ಅದರ ಇಪ್ಪತ್ತೈದನೇ ಒಂದು ಭಾಗವೇ? ಸಣ್ಣ ವರ್ತಕನಿಗೊಂದು ನ್ಯಾಯ, ವಿದ್ಯೆಯ ದೊಡ್ಡ ವ್ಯಾಪಾರಿಗೊಂದು ನ್ಯಾಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಮುದ್ರೆ ಒತ್ತುವವರೇ ಮಾರಾಟಕ್ಕೆ ನಿಂತರೆ? 2025ರ ಫೆಬ್ರುವರಿಯಲ್ಲಿ ಕೇಂದ್ರ ತನಿಖಾ ದಳ ನ್ಯಾಕ್ ತಪಾಸಣಾ ತಂಡದ ಸದಸ್ಯರನ್ನೂ ಆಂಧ್ರದ ಗುಂಟೂರು ಕಡೆಯ ಒಂದು ಡೀಮ್ಡ್ ವಿಶ್ವವಿದ್ಯಾಲಯದ ಪದಾಧಿಕಾರಿಗಳನ್ನೂ ಬಂಧಿಸಿತು. ಮೇಲಿನ ಶ್ರೇಣಿಗಾಗಿ ನಗದು, ಚಿನ್ನ, ಲ್ಯಾಪ್‌ಟಾಪು ಕೈ ಬದಲಾದವೆಂಬುದು ಆರೋಪ. ಆರೋಪ ರುಜುವಾತಾಗಬೇಕಾದ್ದು ನ್ಯಾಯಾಲಯದಲ್ಲಿ. ಅದರ ಬಗ್ಗೆ ನಾವು ಮುಂಚಿತವಾಗಿ ತೀರ್ಪು ಕೊಡುವುದಿಲ್ಲ. ಆದರೆ ಅದಕ್ಕೆ ಎರಡು ವರ್ಷ ಮೊದಲೇ, 2023ರ ಮಾರ್ಚ್‌ನಲ್ಲಿ, ನ್ಯಾಕ್ ಕಾರ್ಯಕಾರಿ ಸಮಿತಿಯ ಅಧ್ಯಕ್ಷರೇ ಶ್ರೇಣಿ ಕೊಡುವ ರೀತಿಯ ಬಗ್ಗೆ ಸಂಶಯ ಎತ್ತಿ ಹುದ್ದೆ ಬಿಟ್ಟು ಹೊರನಡೆದಿದ್ದರು. ಮನೆಯೊಳಗಿನವರೇ ಕೂಗಿ ಹೇಳಿದಾಗಲೂ ಎಚ್ಚರಾಗದೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ನಮ್ಮ ಆಡಳಿತದ ಹಳೆಯ ಚಾಳಿ.

ಎಲ್ಲ ಖಾಸಗಿ ಸಂಸ್ಥೆಗಳೂ ಕಳ್ಳ ಸಂಸ್ಥೆಗಳೆಂದು ನಾವು ಹೇಳುತ್ತಿಲ್ಲ. ಒಳ್ಳೆಯ ಅಧ್ಯಾಪಕರಿರುವ, ಬಡ ಮಕ್ಕಳಿಗೆ ನೆರವು ಕೊಡುವ ಸಂಸ್ಥೆಗಳೂ ಇವೆ. ‘ಸರ್ಕಾರದ ಬಳಿ ಹಣವಿಲ್ಲ, ಖಾಸಗಿಯವರು ಬಾರದಿದ್ದರೆ ಮಕ್ಕಳು ಎಲ್ಲಿ ಓದಬೇಕು?’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. 2010ರಲ್ಲಿ ಅಲಯನ್ಸ್ ವಿಶ್ವವಿದ್ಯಾಲಯದ ಕಾಯ್ದೆ ಬಂದಂದಿನಿಂದ ಒಂದೊಂದು ಖಾಸಗಿ ವಿಶ್ವವಿದ್ಯಾಲಯಕ್ಕೂ ಒಂದೊಂದು ಕಾಯ್ದೆ ಮಾಡಿಕೊಡಲು ವಿಧಾನ ಮಂಡಲಕ್ಕೆ ಸಮಯ ಸಿಕ್ಕಿದೆ. ಆದರೆ 2025ರ ಫೆಬ್ರುವರಿಯಲ್ಲಿ ರಾಜ್ಯದ ಸಂಪುಟ ಉಪಸಮಿತಿ, ಹಿಂದಿನ ಸರ್ಕಾರ ಸ್ಥಾಪಿಸಿದ ಹತ್ತು ಹೊಸ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಹಣಕಾಸಿನ ಕಾರಣಕ್ಕೆ ಮುಚ್ಚುವ ಮಾತಾಡಿತು. ಹಣವನ್ನೇ ಇಡದೆ ಫಲಕ ಮಾತ್ರ ನೆಟ್ಟದ್ದು ಒಂದು ಸರ್ಕಾರದ ತಪ್ಪು. ಹಣ ಕೊಟ್ಟು ಬೆಳೆಸುವ ಬದಲು ಬೀಗ ಹುಡುಕಿದ್ದು ಇನ್ನೊಂದು ಸರ್ಕಾರದ ತಪ್ಪು. ಸರ್ಕಾರಿ ಬಾಗಿಲು ಮುಚ್ಚಿದಷ್ಟೂ ಖಾಸಗಿ ಬಾಗಿಲಲ್ಲಿ ಸಾಲು ಉದ್ದವಾಗುತ್ತದೆ. ಸಾಲು ಉದ್ದವಾದಷ್ಟೂ ಕಾಗದಪತ್ರ ಕೇಳುವ ಧೈರ್ಯ ಬಡವನಲ್ಲಿ ಕಡಿಮೆಯಾಗುತ್ತದೆ.

ನಷ್ಟವನ್ನು ಮಾರಿದವನ ತಲೆಗೇ ಹಾಕಲು ಸಾಧ್ಯವೆಂದು ಸುಪ್ರೀಂ ಕೋರ್ಟು ಒಮ್ಮೆ ತೋರಿಸಿಕೊಟ್ಟಿದೆ. 2017ರ ನವೆಂಬರ್ 3ರಂದು ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಇಂಜಿನಿಯರಿಂಗ್ ಪದವಿಗಳ ಬಗ್ಗೆ ಅದು ತೀರ್ಪು ನೀಡಿತು. ಆ ಪದವಿ ಪಡೆದವರಲ್ಲಿ ಕೆಲಸದಲ್ಲಿದ್ದುಕೊಂಡೇ ಓದಿ ಬಡ್ತಿ ಬಯಸಿದ ನೌಕರರು ಬಹಳ ಮಂದಿ. 2001ರಿಂದ 2005ರವರೆಗೆ ಸೇರಿದ್ದವರಿಗೆ ಪರೀಕ್ಷೆ ಬರೆದು ಪದವಿ ಉಳಿಸಿಕೊಳ್ಳುವ ಅವಕಾಶ ಸಿಕ್ಕಿತು. ಅನಂತರ ಸೇರಿದವರ ಪದವಿ ರದ್ದಾಯಿತು. ಆದರೆ ಅವರು ಕಟ್ಟಿದ ಶುಲ್ಕವನ್ನು ಆ ಸಂಸ್ಥೆಗಳು ಹಿಂದಿರುಗಿಸಬೇಕೆಂದೂ ನ್ಯಾಯಾಲಯ ಆಜ್ಞೆ ಮಾಡಿತು. ನ್ಯಾಯಾಲಯದ ಬಾಗಿಲಿಗೆ ಹೋಗಬಲ್ಲವರಿಗೆ ಸಿಕ್ಕ ಈ ನ್ಯಾಯ, ಹೋಗಲಾರದ ಬಡವನಿಗೆ ಕಾನೂನಿನಿಂದಲೇ ಏಕೆ ಸಿಗಬಾರದು?

ಆದ್ದರಿಂದ ರಾಜ್ಯ ಸರ್ಕಾರವನ್ನು ನಾವು ಆಗ್ರಹಪಡಿಸುತ್ತೇವೆ. ಒಂದು: ಪ್ರವೇಶ ನೀಡುವ ಪ್ರತಿ ಸಂಸ್ಥೆಯೂ ಯಾವ ಕೋರ್ಸಿಗೆ, ಯಾವ ವರ್ಷಕ್ಕೆ, ಯಾವ ಪತ್ರದ ಮೂಲಕ ಅನುಮತಿ ಇದೆಯೆಂಬುದನ್ನು ಕನ್ನಡದಲ್ಲಿ ಬರೆದು ಬಾಗಿಲಲ್ಲೂ ಕರಪತ್ರದಲ್ಲೂ ಹಾಕಬೇಕು. ಎರಡು: ಪ್ರತಿ ಖಾಸಗಿ ವಿಶ್ವವಿದ್ಯಾಲಯವೂ ಸರ್ಕಾರದ ಬಳಿ ಠೇವಣಿ ಇಡಬೇಕು, ಮಾನ್ಯತೆ ಕಳೆದುಕೊಂಡರೆ ಆ ಠೇವಣಿಯಿಂದ ವಿದ್ಯಾರ್ಥಿಗಳ ಶುಲ್ಕ ಬಡ್ಡಿ ಸಮೇತ ಹಿಂದಿರುಗಬೇಕು. ಮೂರು: ಅಂತಹ ವಿದ್ಯಾರ್ಥಿಗಳನ್ನು ಮುಂದಿನ ವರ್ಷವೇ ಸರ್ಕಾರಿ ವಿಶ್ವವಿದ್ಯಾಲಯ ಸೇರಿಸಿಕೊಂಡು ಪರೀಕ್ಷೆ ನಡೆಸಬೇಕು. ನಾಲ್ಕು: ತಲೆಗಿಷ್ಟು ಎಂದು ದಲ್ಲಾಳಿ ಪಡೆದು ಹಳ್ಳಿಗಳಲ್ಲಿ ಹುಡುಗರನ್ನು ಹಿಡಿಯುವ ಏಜೆಂಟರ ಕಾಟ ನಿಲ್ಲಬೇಕು. ಐದು: ನಕಲಿ ಪದವಿಯ ದಂಡ ನಕಲಿ ತೂಕದ ದಂಡಕ್ಕಿಂತ ಕಡಿಮೆಯಾಗಿರಕೂಡದೆಂದು ನಮ್ಮ ಸಂಸದರು ದೆಹಲಿಯಲ್ಲಿ ಬಾಯಿ ಬಿಡಬೇಕು.

ಸರ್ಕಾರ ಏಳುವ ತನಕ ನಾವು ಮಲಗಬೇಕಾಗಿಲ್ಲ. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ, ದೊಡ್ಡಬಳ್ಳಾಪುರದ ಮಗ್ಗಗಳ ಕಾರ್ಮಿಕ ಬಂಧುಗಳೇ, ದೊಡ್ಡಬೆಳವಂಗಲದ ವರ್ತಕ ಮಿತ್ರರೇ, ಮಕ್ಕಳ ಶುಲ್ಕ ಕಟ್ಟುವ ಮುನ್ನ ಮೂರು ಕಾಗದ ಕೇಳಿರಿ: ಆಯೋಗದ ಪಟ್ಟಿಯಲ್ಲಿ ಸಂಸ್ಥೆಯ ಹೆಸರು, ಆ ಕೋರ್ಸಿಗೆ ಆ ವರ್ಷದ ಅನುಮತಿ ಪತ್ರ, ಶ್ರೇಣಿ ಇದೆಯೆಂದರೆ ಅದರ ಅವಧಿ ಮುಗಿಯುವ ದಿನಾಂಕ. ಪಟ್ಟಿಯನ್ನು ಆಯೋಗದ ಜಾಲತಾಣದಲ್ಲಿ ನಿಮ್ಮ ಮಕ್ಕಳೇ ತೆರೆದು ತೋರಿಸಬಲ್ಲರು. ಕಟ್ಟಿದ ಪ್ರತಿ ಪೈಸೆಗೂ ಸಂಸ್ಥೆಯ ಹೆಸರಿನ ರಸೀದಿ ಪಡೆಯಿರಿ. ಏಜೆಂಟನ ಕೈಗೆ ನಗದು ಕೊಡಬೇಡಿರಿ. ಕಾಗದ ತೋರಿಸಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿರಿ, ಬಂದು ನೆರೆಹೊರೆಯವರಿಗೂ ಹೇಳಿರಿ. ಓದು ಬಾರದ ತಂದೆತಾಯಿಗಳ ಜೊತೆಗೆ ಹೋಗಿ ಈ ಕಾಗದಗಳನ್ನು ಓದಿ ಹೇಳುವುದು ಪ್ರತಿ ಊರಿನ ನಮ್ಮ ಪಕ್ಷದ ಕಾರ್ಯಕರ್ತರ ಈ ಹಂಗಾಮಿನ ಮೊದಲ ಕೆಲಸವಾಗಬೇಕು.

ಬಾಯಿ ಕಟ್ಟಿ, ಹೊಟ್ಟೆ ಕಟ್ಟಿ ಉಳಿಸಿದ ಹಣ ಅದು. ಅದನ್ನು ತೆಗೆದುಕೊಂಡವನು ಲೆಕ್ಕ ಒಪ್ಪಿಸಲೇಬೇಕು.