ಮುಳ್ಳು ನಿಂತದ ಅಂತ ಅಕೀನ್ನ ಯಾಕ ಚುಚ್ತೀರಿ?

ಇವತ್ತಿಂದು ಸ್ವಲ್ಪ ಸಿಟ್ಟಿಲೆ ಬರದದ್ದು. ಓದೋರು ಬ್ಯಾಸರ ಮಾಡ್ಕೋಬ್ಯಾಡ್ರಿ. ಮಾಡ್ಕೊಂಡ್ರೂ ಅಡ್ಡಿಯಿಲ್ಲ, ಪೂರ್ತಿ ಓದಿ ಮಾಡ್ಕೋರಿ.

ತೂಕ ಇಳಸೋ ಆಪರೇಶನ್ ಈಗ ನಮ್ಮ ಹುಬ್ಬಳ್ಳಿ-ಧಾರವಾಡ ಕಡೇನೂ ಮಂದಿ ಮಾಡಿಸ್ಕೋತಾರ. ಬೇರಿಯಾಟ್ರಿಕ್ ಸರ್ಜರಿ ಅಂತಾರ. ಅದರಾಗ ‘ಸ್ಲೀವ್’ ಅನ್ನೋದೊಂದು. ಹೊಟ್ಟಿಚೀಲದ ಸುಮಾರು ಮುಕ್ಕಾಲು ಪಾಲು ಕತ್ತರಿಸಿ ತಗದು, ಬಾಳೆಹಣ್ಣಿನ ಆಕಾರದ ಸಣ್ಣ ಕೊಳವಿ ಉಳಸ್ತಾರ. ನಮ್ಮ ನಾದಿನಿ ಅದನ್ನ ಮಾಡಿಸ್ಕೊಂಡ್ಲು. 112 ಕಿಲೋ ಇದ್ಲು, ಸಕ್ಕರಿ ಬ್ಯಾನಿ ಇತ್ತು, ಮೊಣಕಾಲ ಹಿಡಕೊಳ್ಳದ ಒಂದು ಮೆಟ್ಟಲಾ ಏರಲಿಕ್ಕೆ ಆಗ್ತಿರ್ಲಿಲ್ಲ.

ಮೊದಲನೇ ವಾರ 5 ಕಿಲೋ ಇಳೀತು. ಮನಿ ತುಂಬ ಹಬ್ಬ! ಎರಡನೇ ವಾರ 2 ಕಿಲೋ. ಮೂರನೇ ವಾರ ಮುಳ್ಳು ಅಲ್ಲಾಡಲಿಲ್ಲ. ನಾಕನೇ ವಾರ ಅರ್ಧಾ ಕಿಲೋ ಏರೇ ಬಿಡ್ತು. ಅಲ್ಲಿಂದ ಶುರು ಆತು ನೋಡ್ರಿ ಪುರಾಣ.

“ಅಷ್ಟು ರೊಕ್ಕಾ ಸುರದದ್ದು ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು.” “ಕದ್ದು ಮುಚ್ಚಿ ಏನರೆ ತಿಂತಿರಬೇಕು.” “ನಮ್ಮ ಪೈಕಿ ಒಬ್ಬಾಕಿ ತಿಂಗಳದಾಗ 15 ಕಿಲೋ ಇಳದಾಳ.” “ಏಕಾದಶಿ ಹಿಡಿ, ಸೋಮವಾರ ಒಪ್ಪತ್ತು ಮಾಡು, ತಾನ ಇಳೀತದ.” ಹೇಳಿದವರೆಲ್ಲಾ ಹಿತೈಷಿಗಳ. ಒಬ್ಬರಿಗೂ ಅಕಿ ಮ್ಯಾಲೆ ದ್ವೇಷ ಇರ್ಲಿಲ್ಲ. ಅದಕ್ಕ ನನಗ ಹೆಚ್ಚು ಸಿಟ್ಟು. ದ್ವೇಷಕ್ಕ ಉತ್ತರಾ ಕೊಡಬಹುದು, ಇಂಥಾ ಹಿತಕ್ಕ ಏನು ಉತ್ತರಾ ಕೊಡೋದು?

ನಾ ಓದಿದ್ದು ಪಿಯುಸಿ ಅಷ್ಟ. ಖರೆ ಈ ಲೆಕ್ಕಕ್ಕ ಪಿಯುಸಿನೂ ಬ್ಯಾಡ, ಕಿರಾಣಿ ಲೆಕ್ಕ ಬಂದ್ರ ಸಾಕು. ಒಂದು ಕಿಲೋ ಕೊಬ್ಬು ಕರಗಬೇಕಾದ್ರ ಸುಮಾರು 7,700 ಕ್ಯಾಲರಿ ಸುಡಬೇಕು. ಒಬ್ಬಾಕಿ ಮೈ ದಿನಕ್ಕ 1,700 ಕ್ಯಾಲರಿ ಬೇಡ್ತದ, ಅಕಿ ಬರೇ 600 ತಿಂತಾಳ ಅಂತ ಇಟ್ಕೋರಿ. ದಿನಕ್ಕ 1,100 ಕಡಿಮಿ ಬೀಳ್ತದ. ವಾರಕ್ಕ 7,700. ಅಂದ್ರ ವಾರಕ್ಕ ಹೆಚ್ಚುಕಡಿಮಿ ಒಂದು ಕಿಲೋ ಕೊಬ್ಬು. ಹಂಗಾದ್ರ ಮೊದಲನೇ ವಾರದ 5 ಕಿಲೋ ಎಲ್ಲಿಂದ ಬಂತು? ಮುಕ್ಕಾಲು ಪಾಲು ನೀರು!

ನಮ್ಮ ಪಿತ್ತಜನಕಾಂಗ, ಸ್ನಾಯುದಾಗ ಸಕ್ಕರಿ ಅಂಶ ಗ್ಲೈಕೋಜನ್ ಅನ್ನೋ ರೂಪದಾಗ ಕೂಡಿಟ್ಟಿರ್ತದ, ಸುಮಾರು ಅರ್ಧಾ ಕಿಲೋ. ಅದರ ಒಂದೊಂದು ಗ್ರಾಂ ತನ್ನ ಜೋಡಿ ಮೂರು ಗ್ರಾಂ ನೀರು ಹಿಡಕೊಂಡಿರ್ತದ. ಆಪರೇಶನ್ ಆಗಿ ಊಟ ಬಂದ್ ಆತಂದ್ರ ಮೈ ಮೊದಲು ಈ ಡಬ್ಬಿಗೆ ಕೈ ಹಾಕ್ತದ. ಸಕ್ಕರಿ ಖರ್ಚು, ನೀರು ಹೊರಗ. ದವಾಖಾನ್ಯಾಗ ಹಾಕಿದ ಸಲೈನ್ ನೀರೂ ಇಳೀತದ. ಆಮ್ಯಾಲೆ ಬರೇ ತಿಳಿ ಕುಡಿಯೋದು ಮುಗದು, ಅರದ ಊಟ, ಮೆತ್ತನ್ನ ಊಟ ಶುರು ಆದಾಗ ಡಬ್ಬಿ ಒಂದಿಷ್ಟು ತುಂಬ್ತದ, ನೀರೂ ತಿರುಗಿ ಬರ್ತದ. ಒಳಗಿನ ಗಾಯ ಮಾಯಬೇಕಾದ್ರೂ ಮೈ ನೀರು ಹಿಡೀತದ. ಅದರ ಮ್ಯಾಲೆ ಮಲಬದ್ಧತಿ, ಹೆಣ್ಮಕ್ಕಳಿಗೆ ತಿಂಗಳಿನ ದಿನಗಳು. ಒಂದು ಲೀಟರ್ ಹಿಡಿಯೋ ತಂಬಿಗಿ ನೀರಿನ ತೂಕ ಒಂದು ಕಿಲೋ. ಒಳಗ ಒಂದು ಕಿಲೋ ಕೊಬ್ಬು ಕರಗಿ, ಒಂದು ತಂಬಿಗಿ ನೀರು ನಿಂತ್ರ ಮಶಿನ್ ಏನು ತೋರಸ್ತದ? ಸೊನ್ನಿ. ಮೊದಲನೇ ವಾರದ ಐದರದೂ ಅತಿ ಸಂತೋಷ, ಮೂರನೇ ವಾರದ ಸೊನ್ನೀದೂ ಅತಿ ದುಃಖ. ಎರಡೂ ನೀರಿನ ಮ್ಯಾಲಿನ ಬರಹ.

ಇದು ಹೊಸಾ ಮಾತೇನಲ್ಲ. 1944-45ರಾಗ ಅಮೇರಿಕಾದ ಮಿನೆಸೋಟಾ ವಿಶ್ವವಿದ್ಯಾಲಯದಾಗ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ, ತಾವಾಗಿ ಮುಂದ ಬಂದ 36 ಮಂದಿ ಗಟ್ಟಿಮುಟ್ಟು ಹುಡುಗರಿಗೆ ಆರು ತಿಂಗಳು ಅರೆಹೊಟ್ಟಿ ಊಟ ಕೊಟ್ಟು ನೋಡಿದ್ರು. ಮೈ ಸೊರಗಿ ಹೋತು, ಖರೆ ಕಾಲಾಗ ನೀರು ತುಂಬಿ ಬಾತುಕೊಂಡ್ವು. ಹಸದ ಮೈ ನೀರು ಹಿಡಕೋತದ. 

ಈ ಆಪರೇಶನ್ ಆದ ಮೂರನೇ ವಾರದ ಆಜುಬಾಜು ತೂಕ ನಿಲ್ಲೋದು ಎಷ್ಟು ಮಾಮೂಲಿ ಅಂದ್ರ, ಅದಕ್ಕ ಇಂಗ್ಲಿಷಿನ್ಯಾಗ ‘ಥ್ರೀ ವೀಕ್ ಸ್ಟಾಲ್’ ಅಂತ ಹೆಸರ ಇಟ್ಟಾರ. ಸಾಮಾನ್ಯವಾಗಿ ಒಂದರಿಂದ ಮೂರು ವಾರ ಇರ್ತದ, ಆಮ್ಯಾಲೆ ತಾನ ಇಳೀತದ. ತೂಕ ಇಳಿಯೋದು ಒಂದು ವರ್ಷ, ಒಂದೂವರಿ ವರ್ಷದ ತನಕ ನಡೀತದ. ಅಂಥಾದ್ದರಾಗ ಮೂರನೇ ವಾರಕ್ಕ ತೀರ್ಪು ಕೊಡೋದು ಅಂದ್ರ, ಬಿತ್ತಿದ ಮೂರನೇ ವಾರಕ್ಕ ಜ್ವಾಳದ ತೆನಿ ಕೇಳಿದಂಗ.

ಈಗ ಉಪವಾಸದ ಮಾತಿಗೆ ಬರೋಣ. ದಿನಕ್ಕ ಐದಾರುನೂರು ಕ್ಯಾಲರಿ ತಿನ್ನೋವಾಕಿಗೆ “ಇನ್ನೂ ಕಡಿಮಿ ತಿನ್ನು” ಅನ್ನೋ ಬಾಯಿ ನಮಗ ಹೆಂಗರೆ ಬರ್ತದ? ನನ್ನ ನಾದಿನಿ ಈ ಮಾತು ಕೇಳಿ ನಿರಾಹಾರ ಏಕಾದಶಿ ಮಾಡಿದ್ಲು, ಬಚ್ಚಲಮನ್ಯಾಗ ಕಣ್ಣಿಗೆ ಕತ್ತಲಿ ಬಂದು ಕುಸದು ಕೂತ್ಲು. ಈ ಆಪರೇಶನ್ ಆದವರಿಗೆ ದಿನಕ್ಕ ಕಡಿಮಿ ಅಂದ್ರೂ 60 ಗ್ರಾಂ ಪ್ರೋಟೀನ್ ಬೇಕು ಅಂತಾರ. ಅದು ಹೋಗಲಿಲ್ಲಂದ್ರ ಮೈ ಕೊಬ್ಬಿನ ಜೋಡಿ ಸ್ನಾಯೂನ್ನೂ ತಿಂತದ. ಕೂದಲಾ ಅಂತೂ ಮೂರ್ನಾಕು ತಿಂಗಳಿಗೆ ಹೆಂಗೂ ಉದುರ್ತದ, ಪ್ರೋಟೀನ್ ಕಡಿಮಿ ಬಿದ್ರ ಇನ್ನೂ ಹೆಚ್ಚು. ದೇವರಿಗೆ ಉಪವಾಸನ ಮಾಡಬೇಕಂದ್ರ ಆರೋಗ್ಯ ಇದ್ದವರು ಮಾಡೋಣು. ಬ್ಯಾನಿ ಬಿದ್ದವರಿಗೆ ನಮ್ಮ ಹಿರೇರೂ ರಿಯಾಯ್ತಿ ಕೊಟ್ಟಾರ.

ಮತ್ತ ನೋಡ್ಲಿಕ್ಕೆ ಬಂದವರ ಕೈಯಾಗ ಏನಿರ್ತದ? ಸಾಬುದಾಣಿ ಗಂಜಿ! ಸಾಬುದಾಣ್ಯಾಗ ಬರೇ ಪಿಷ್ಟ, ಪ್ರೋಟೀನ್ ಇಲ್ಲ ಅಂದ್ರೂ ನಡೀತದ. ಇಲ್ಲಾ ಸಾರಿನ ತಿಳಿ. ಬ್ಯಾಳಿ ತಳದಾಗ ಬಿಟ್ಟು ಮ್ಯಾಲಿನ ನೀರು ಕೊಟ್ರ ಏನು ಬಂತು? ಗಟ್ಟಿ ಬ್ಯಾಳಿ ಒಂದು ಬಟ್ಟಲಿಗೆ 7-8 ಗ್ರಾಂ ಪ್ರೋಟೀನ್, ಹಾಲು ಒಂದು ಲೋಟಕ್ಕ 6-7, ಪನೀರ 100 ಗ್ರಾಮಿಗೆ 18ರ ಆಜುಬಾಜು, ತತ್ತಿ ತಿನ್ನೋರಿಗೆ ಒಂದಕ್ಕ 6. ಈ ಲೆಕ್ಕದಾಗ ಸಣ್ಣ ಹೊಟ್ಟಿಯಾಕಿ 60 ಮುಟ್ಟೋದು ಎಷ್ಟು ಕಷ್ಟ ನೀವ ನೋಡ್ರಿ. ಅದಕ್ಕ ಡಾಕ್ಟರು ಪ್ರೋಟೀನ್ ಪುಡಿ ಬರದು ಕೊಡ್ತಾರ, ಅದು ಪಹಿಲ್ವಾನರ ಶೋಕಿ ಅಲ್ಲ. ಮೊದಲು ಬ್ಯಾಳಿ-ಮೊಸರು, ಜಾಗಾ ಉಳದ್ರ ಮೆತ್ತನ್ನ ಅನ್ನ. ನೀರು ಊಟದ ಜೋಡಿ ಬ್ಯಾಡ, ಅರ್ಧಾ ತಾಸು ಬಿಟ್ಟು ಗುಟುಕು ಗುಟುಕು, ದಿನಕ್ಕ ಒಂದೂವರಿ ಲೀಟರ್ ಆದ್ರೂ ಆಗಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಗುಳಿಗಿ ತೂಕ ನಿಂತ್ರೂ, ಇಳದ್ರೂ, ಜೀವನಪೂರ್ತಿ.

“ಹಂಗಾದ್ರ ತೂಕ ನೋಡೋದ ಬ್ಯಾಡೇನು?” ಅಂತ ಕೇಳ್ತೀರಿ. ನೋಡ್ರಿ, ವಾರಕ್ಕ ಒಮ್ಮೆ, ಅದ ವಾರ, ಅದ ಹೊತ್ತು, ಮುಂಜಾನೆ. ಉಡುಪಿ ಕೃಷ್ಣನ ಮುಂದ ತುಲಾಭಾರನೂ ಹರಕಿ ಇದ್ದಾಗ ಒಮ್ಮೆ ಮಾಡ್ತಾರ. ನಮ್ಮ ನಾದಿನಿಗೆ ಮನ್ಯಾಗ ದಿನಾ ತುಲಾಭಾರ, ಅದೂ ಎಲ್ಲಾರೂ ಸುತ್ತ ನಿಂತು!

ಆಪರೇಶನ್ ಆದಮ್ಯಾಲೆ ಏನು ತಿಂದ್ರೂ ನಡೀತದ ಅಂತನೂ ನಾ ಹೇಳಂಗಿಲ್ಲ. ಧಾರವಾಡ ಪೇಢೆ ಎಷ್ಟ ಸಣ್ಣ ಹೊಟ್ಟಿಯಾಗೂ ಸರ್ರ ಅಂತ ಇಳೀತದ, ವರ್ಷದ ಮ್ಯಾಲೆ ತೂಕ ತಿರುಗಿ ಏರಿದವರೂ ಇದ್ದಾರ. ಏಳೆಂಟು ವಾರ ಆದ್ರೂ ಮುಳ್ಳು ಅಲ್ಲೇ ಇದ್ರ ಡಯಟೀಶಿಯನ್ ಮುಂದ ಊಟದ ಲೆಕ್ಕ ಇಡಬೇಕು. ಮತ್ತ ಘಡಿಘಡಿ ವಾಂತಿ, ನೀರೂ ನಿಲ್ಲಂಗಿಲ್ಲ, ಜ್ವರ, ಹೊಟ್ಟಿನೋವು, ಎದಿ ಡವಡವ, ಕಾಲು ಜೋಮು ಅಂದ್ರ ತೂಕದ ಚಿಂತಿ ಬದಿಗಿಟ್ಟು ಅವತ್ತ ದವಾಖಾನಿಗೆ ಹೋಗಬೇಕು. ವಾಂತಿ ಭಾಳ ದಿನ ನಡದ್ರ ಬಿ1 ಜೀವಸತ್ವ ಕಡಿಮಿ ಆಗಿ ನರಕ್ಕ ಪೆಟ್ಟು ಬೀಳ್ತದ. ಚಿಂತಿ ಮಾಡೋ ಹಿತೈಷಿಗಳು ಇದಕ್ಕ ಮಾಡ್ರಿ.

ಇನ್ನೊಂದು ಮಾತು ಹೇಳ್ತೇನಿ. ಮುಳ್ಳು ಅಲ್ಲಾಡದ ಆ ಮೂರನೇ ವಾರದಾಗ ಡಾಕ್ಟರು ಅಕಿ ಇನ್ಸುಲಿನ್ ಅರ್ಧಾ ಮಾಡಿದ್ರು. ಮೆಟ್ಟಲಾ ಏರಬೇಕಾದ್ರ ಮೊಣಕಾಲ ಹಿಡಕೊಳ್ಳೋದು ಬಿಟ್ಲು. ಕುಪ್ಪಸದ ಹೊಲಗಿ ಎರಡೆರಡು ಬಟ್ಟ ಒಳಗ ಹಿಡಿಬೇಕಾತು. ಇದನ್ನ ಒಬ್ಬರೂ ಕೇಳಲಿಲ್ಲ. ಕೇಳಿದ್ದು ಒಂದ, “ಎಷ್ಟು ಇಳೀತು?” ಅಕಿ ಆಪರೇಶನ್ ಮಾಡಿಸ್ಕೊಂಡದ್ದು ಸಕ್ಕರಿ ಬ್ಯಾನಿಗೆ, ಮೊಣಕಾಲಿಗೆ, ನಮ್ಮ ಕಣ್ಣಿಗೆ ಸಣ್ಣಗ ಕಾಣಬೇಕಂತ ಅಲ್ಲ.

ಆರನೇ ವಾರಕ್ಕ ಮುಳ್ಳು ತಾನ ಇಳೀತು. ಯಾರ ಏಕಾದಶಿನೂ ಬೇಕಾಗಲಿಲ್ಲ.

ನಿಮ್ಮ ಪೈಕಿ ಯಾರರೆ ಈ ಆಪರೇಶನ್ ಮಾಡಿಸ್ಕೊಂಡಿದ್ರ ನೋಡ್ಲಿಕ್ಕೆ ಹೋಗ್ರಿ, ಬ್ಯಾಡ ಅನ್ನಂಗಿಲ್ಲ. “ಗುಳಿಗಿ ತೊಗೊಂಡ್ಯಾ? ಒಂದು ಸುತ್ತು ಅಡ್ಡಾಡಿ ಬರೋಣೇನು?” ಅಂತ ಕೇಳ್ರಿ. ಹೋಗಬೇಕಾದ್ರ ಸಾಬುದಾಣಿ ಡಬ್ಬಿ ಮನ್ಯಾಗ ಬಿಟ್ಟು, ನೀರು ಬಸದ ಗಟ್ಟಿ ಮೊಸರು ಒಂದು ಬಟ್ಟಲಾ ಒಯ್ರಿ. ಸಕ್ಕರಿ ಹಾಕಬ್ಯಾಡ್ರಿ ಮತ್ತ.