ಬೇಚರಾಕ್

ಕಂದಾಯ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಈ ಪದ ಗೊತ್ತಿರುತ್ತದೆ: ಬೇಚರಾಕ್. ಜನವಸತಿ ಇಲ್ಲದ ಊರಿಗೆ ದಫ್ತರದಲ್ಲಿರುವ ಹೆಸರು. ಪಾರ್ಸಿಯಲ್ಲಿ ಚಿರಾಗ್ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು ಬೇಚರಾಕ್. 2011ರ ಜನಗಣತಿ ಕರ್ನಾಟಕದಲ್ಲಿ 29,340 ಗ್ರಾಮಗಳನ್ನು ಲೆಕ್ಕಕ್ಕೆ ಹಿಡಿಯಿತು. ಅವುಗಳಲ್ಲಿ 1,943ರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಂಥ ಎಷ್ಟೋ ಊರುಗಳು ಬರಕ್ಕೆ, ಪ್ಲೇಗಿಗೆ ಸಿಕ್ಕಿ ಅಜ್ಜ-ಮುತ್ತಜ್ಜರ ಕಾಲಕ್ಕೇ ಹಾಳುಬಿದ್ದವು. ಅವುಗಳನ್ನು ನೆನೆದರೆ ದುಃಖವಾಗುತ್ತದೆ. ಸಿಟ್ಟು ಬರುವುದು, ಯಾವುದೋ ಮೇಜಿನ ಮೇಲೆ ಹರವಿದ ನಕ್ಷೆಯಲ್ಲಿ ಗೆರೆ ಎಳೆದು ದೀಪ ಆರಿಸಿದ ಊರುಗಳನ್ನು ಕಂಡಾಗ.

ಕೃಷ್ಣೆಯ ದಂಡೆಗೆ ಬನ್ನಿ. ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ಅಬ್ದುಲ್ ಕಲಾಂ ಜಲಾಶಯವನ್ನು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ನಡುವೆ 42 ವರ್ಷ. ದಶಕಗಟ್ಟಲೆ ‘ಇವತ್ತಲ್ಲ ನಾಳೆ ಮುಳುಗತೈತಿ’ ಅನ್ನುವ ಮಾತಿನ ಕೆಳಗೆ ಒಂದು ಊರು ಹೇಗೆ ಬಾಳಬೇಕು? ಜಂತಿ ಮುರಿದರೆ ಹೊಸದು ಹಾಕಿಸುವುದೋ ಬೇಡವೋ? ಸೋರುವ ಮಾಳಿಗೆಗೆ ಮಣ್ಣು ಹೊರಿಸುವುದೋ ಬೇಡವೋ? ಮುಳುಗುವ ಊರಿಗೆ ಹೆಣ್ಣು ಕೊಡುವವರು ಯಾರು?

ಕೊನೆಗೆ ನೀರು ಬಂತು. ಜನ ಬಾಗಿಲು, ತೊಲೆ, ಕಂಬ ಕಿತ್ತು ಹೇರಿಕೊಂಡು ‘ಆರ್‌ಸಿ’ಗೆ, ಅಂದರೆ ಪುನರ್ವಸತಿ ಕೇಂದ್ರಕ್ಕೆ ಹೊರಟರು. ಪಟ್ಟಣವಾದ ಬಾಗಲಕೋಟೆಯ ಅದೃಷ್ಟ ಅಷ್ಟರಮಟ್ಟಿಗೆ ಚೆನ್ನಾಗಿತ್ತು. ಹೊಸ ಊರಿನ ನಕ್ಷೆಗೆ ಚಾರ್ಲ್ಸ್ ಕೊರಿಯಾ ಅವರಂಥ ವಾಸ್ತುಶಿಲ್ಪಿ ಕೈ ಹಚ್ಚಿದ್ದರು. ಹಳ್ಳಿಗಳ ಪಾಲಿಗೆ ಬಂದದ್ದು ನೇರ ರಸ್ತೆ, ನಂಬರು ಹೊಡೆದ ಸೈಟು.

ನೇರ ರಸ್ತೆ ಕೆಟ್ಟದ್ದೇ ಎಂದು ಕೇಳಬಹುದು. ರಸ್ತೆಯ ತಕರಾರು ನನ್ನದಲ್ಲ. ಹಳ್ಳಿ ಅಂದರೇನು ಎಂದು ಗೆರೆ ಎಳೆದವರು ಒಮ್ಮೆಯಾದರೂ ಕೇಳಿಕೊಳ್ಳಲಿಲ್ಲ ಎಂಬುದು ನನ್ನ ತಕರಾರು. ನಮ್ಮ ಕಡೆಯ ಹಳೆಯ ಮನೆಯಲ್ಲಿ ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ಎತ್ತು. ಮೇವು ಹಾಕುವ ಗ್ವಾದಲಿ ಮನೆಯೊಳಗೇ. ಹಿತ್ತಲಲ್ಲಿ ಬಣವಿ, ಅದರಾಚೆ ತಿಪ್ಪಿ, ಊರ ಹೊರಗೆ ಕಣ, ನೆಲದೊಳಗೆ ಜೋಳ ತುಂಬಿದ ಹಗೇವು. ಹೊಲ ನಡೆದು ಹೋಗುವ ದೂರದಲ್ಲಿ. ಹಾಲು ಹಿಂಡಿ, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೊತ್ತೇರುವುದರೊಳಗೆ ಹೊಲ ಸೇರುವ ಹೆಣ್ಣುಮಗಳ ನಡಿಗೆಯೇ ಆ ಊರಿನ ಅಳತೆಗೋಲು. ಸೈಟಿನ ಅಳತೆಯಲ್ಲಿ ಎತ್ತಿಗೆ ಜಾಗವಿಲ್ಲ, ಬಣವಿಗೆ ಜಾಗವಿಲ್ಲ. ಎತ್ತು ಹೋಯಿತು. ಎತ್ತು ಹೋದ ಮೇಲೆ ಗೊಬ್ಬರ ಹೋಯಿತು, ಉಳಿದಿದ್ದ ತುಂಡು ಹೊಲದ ಉಳುಮೆ ಬಾಡಿಗೆ ಟ್ರ್ಯಾಕ್ಟರಿನ ಪಾಲಾಯಿತು. ಪರಿಹಾರದ ಹಣ ಪಹಣಿಯಲ್ಲಿ ಹೆಸರಿದ್ದವರ ಕೈ ಸೇರಿತು. ಆ ಹೊಲದಲ್ಲಿ ಕಳೆ ಕಿತ್ತವಳ ಹೆಸರು ಯಾವ ಪಹಣಿಯಲ್ಲಿದೆ? ಅವಳು ಗುಳೆ ಹೊರಟಳು. ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡವರನ್ನು ಕೇಳಿ ನೋಡಿ, ಎಷ್ಟು ಜನ ನಮ್ಮ ನದಿದಂಡೆಯವರು ಎಂದು.

ಇದರಿಂದ ಪಾಠ ಕಲಿತೆವೇ? 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕ ನೆರೆಯಲ್ಲಿ ಕೊಚ್ಚಿಹೋಯಿತು. ಸರ್ಕಾರ ‘ಆಸರೆ’ ಎಂಬ ಯೋಜನೆ ತಂದಿತು. ದಾನಿಗಳು ಹಣ ಕೊಟ್ಟರು, ಅವರ ಮನಸ್ಸು ದೊಡ್ಡದು. ಆದರೆ ಮತ್ತೆ ಅದೇ ಸ್ಕೇಲು, ಅದೇ ಸೈಟು. ಒಟ್ಟು ಕುಟುಂಬಕ್ಕೂ ಒಂದು ಗೂಡು, ಒಬ್ಬಂಟಿ ಮುದುಕಿಗೂ ಅದೇ ಗೂಡು. ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆ. ಎಷ್ಟೋ ಆಸರೆ ಮನೆಗಳಿಗೆ ಯಾರೂ ಹೋಗಲೇ ಇಲ್ಲ. ಕಿಟಕಿ-ಬಾಗಿಲು ಕಳವಾದವು, ಅಂಗಳದಲ್ಲಿ ಜಾಲಿ ಬೆಳೆಯಿತು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮತ್ತೆ ಉಕ್ಕಿದಾಗ ಹಳೆಯ ಊರಲ್ಲೇ ಉಳಿದವರು ಮತ್ತೆ ನೀರಿನಲ್ಲಿ ನಿಂತರು. ‘ಕಟ್ಟಿಕೊಟ್ಟರೂ ಹೋಗಲಿಲ್ಲ’ ಎಂದು ಅವರನ್ನೇ ಬೈದೆವು. ನಾಚಿಕೆಯಾಗಬೇಕು.

ಈ ರೋಗ ನಮ್ಮೊಬ್ಬರದೇ ಅಲ್ಲ. ಸೋವಿಯತ್ ರಷ್ಯಾದಲ್ಲಿ 1960 ಮತ್ತು 70ರ ದಶಕಗಳಲ್ಲಿ ಅಧಿಕಾರಿಗಳು ಹಳ್ಳಿಗಳನ್ನು ಎರಡು ಪಟ್ಟಿ ಮಾಡಿದರು: ಭವಿಷ್ಯವಿರುವವು, ಭವಿಷ್ಯವಿಲ್ಲದವು. ಎರಡನೆಯ ಪಟ್ಟಿಯ ಊರುಗಳಲ್ಲಿ ಶಾಲೆ, ಅಂಗಡಿ ಮುಚ್ಚಿದವು, ರಸ್ತೆಗೆ ಹಣ ಬರಲಿಲ್ಲ. ಜನರನ್ನು ದೊಡ್ಡ ಊರಿಗೆ ಸೇರಿಸುವುದು ಲೆಕ್ಕಾಚಾರ. ಯುವಕರು ಆ ದೊಡ್ಡ ಊರನ್ನೂ ದಾಟಿ ನಗರಕ್ಕೇ ನಡೆದರು. 1959ರಲ್ಲಿ ಅಲ್ಲಿ ಸುಮಾರು 2,94,000 ಹಳ್ಳಿಗಳಿದ್ದವು. 1989ರ ಹೊತ್ತಿಗೆ ಉಳಿದದ್ದು ಸುಮಾರು 1,53,000. ನೀತಿಯನ್ನು ಕೈಬಿಟ್ಟ ಮೇಲೂ ಖಾಲಿಯಾದ ಊರು ತುಂಬಲಿಲ್ಲ.

ಈಗ ನಮ್ಮ ಪಟ್ಟಿಗೆ ಬರುತ್ತೇನೆ. 2010ರ ಡಿಸೆಂಬರಿನಲ್ಲಿ, ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚುವ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಆಲಮಟ್ಟಿಯ ಎತ್ತರವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಇನ್ನೂ 20 ಹಳ್ಳಿ, ಬಾಗಲಕೋಟೆಯ ಇನ್ನಷ್ಟು ಭಾಗ, 75,563 ಎಕರೆ ನೆಲ ನೀರಿನಡಿ ಹೋಗಬೇಕು. ರಾಜ್ಯಗಳ ಜಗಳ ಸುಪ್ರೀಂ ಕೋರ್ಟಿನಲ್ಲಿದೆ, ಗೆಜೆಟ್ ಅಧಿಸೂಚನೆ ಹೊರಬಿದ್ದಿಲ್ಲ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಎಂದು ಸರ್ಕಾರ ದರ ಗೊತ್ತುಮಾಡಿದ್ದು 2025ರಲ್ಲಿ. ತೀರ್ಪು ಬಂದಾಗ ಒಂದನೆಯ ಇಯತ್ತೆಯಲ್ಲಿದ್ದ ಹುಡುಗಿಗೆ ಅಷ್ಟರಲ್ಲಿ ಓಟು ಬಂದಿತ್ತು. ಅವಳ ಬಾಲ್ಯವೆಲ್ಲ ‘ಮುಳುಗಡೆ ಪಟ್ಟಿಯ ಊರು’ ಎಂಬ ಹಣೆಪಟ್ಟಿಯ ಕೆಳಗೇ ಕಳೆಯಿತು. ನೀರು ಇನ್ನೂ ಬಂದಿಲ್ಲ, ಊರು ಆಗಲೇ ಸಾಯುತ್ತಿದೆ.

ನೀರಾವರಿ ಬೇಡ ಎಂದು ನಾನು ಹೇಳುತ್ತಿಲ್ಲ. ಕೆಳಗಿನ ಒಣ ನೆಲದವರ ಬಾಯಾರಿಕೆಯೂ ನನ್ನ ಜನರ ಬಾಯಾರಿಕೆಯೇ. ಆದರೆ ಒಬ್ಬರ ಹೊಲಕ್ಕೆ ನೀರು ಹಾಯಿಸಲು ಇನ್ನೊಬ್ಬರ ಬದುಕನ್ನು ವರ್ಷಗಟ್ಟಲೆ ನೇಣಿನಲ್ಲಿ ತೂಗುಹಾಕುವ ಹಕ್ಕು ಯಾರಿಗೂ ಇಲ್ಲ. ಏಳಬೇಕಾದ ಊರುಗಳಿಗೆ ದಿನ ಗೊತ್ತುಮಾಡಿ ಹೇಳಿ. ಅಲ್ಲಿಯವರೆಗೆ ಶಾಲೆಯ ಹೆಂಚು ಹೊದಿಸಿ, ರಸ್ತೆ ಮಾಡಿ. ಹೊಸ ಊರಿನ ನಕ್ಷೆಯನ್ನು ಹಳೆಯ ಊರಿನ ಅಗಸಿಯ ಮುಂದೆ, ನೆಲದ ಮೇಲೆ ಹಾಸಿ. ಎತ್ತು ಕಟ್ಟುವುದೆಲ್ಲಿ, ಕಣ ಮಾಡುವುದೆಲ್ಲಿ ಎಂದು ಅಲ್ಲಿನ ಹೆಣ್ಣುಮಕ್ಕಳನ್ನು, ಕೂಲಿಯವರನ್ನು ಕೂರಿಸಿಕೊಂಡು ಕೇಳಿ. ಅವರು ಒಪ್ಪಿದ ಮೇಲೆ ಕಲ್ಲು ನೆಡಿ.