ಅಮ್ಮ, ನೀನು ಗೇಟಿನ ಹೊರಗೇ ನಿಲ್ಲು

ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ, ವಿಜ್ಞಾನದ ಪಠ್ಯಪುಸ್ತಕದ ಹೊಟ್ಟೆಯೊಳಗೆ ಅಡಗಿ ಕುಳಿತಿದ್ದ ಇಂಗ್ಲಿಷ್ ಪ್ರೇಮ ಕಾದಂಬರಿಯೊಂದು ಮೊನ್ನೆ ನನ್ನ ಕೈಗೆ ಬಂತು. ವಾಪಸು ಕೊಡುವ ಮೊದಲು ಓದಿಬಿಟ್ಟೆ. (ಮಾಷ್ಟ್ರು ಓದಬಾರದೆಂದು ಕಾನೂನೇನೂ ಇಲ್ಲವಲ್ಲ.) ಹದಿನಾರರ ಹುಡುಗಿ, ಅವಳ ಮನಸ್ಸಿಗೆ ಹಿಡಿಸಿದ ಒಬ್ಬ ಹುಡುಗ. ನಡುವೆ ಖಳನಾಯಕ ಯಾರೂ ಇಲ್ಲ. ಇರುವುದು ಅಪ್ಪ ಮತ್ತು ಅಮ್ಮ. ಅಪ್ಪ ಹುಡುಗನ ಎದುರು ಹಳಸಲು ಜೋಕು ಹೇಳುತ್ತಾನೆ. ಅಮ್ಮ ಮಗಳ ಬಾಲ್ಯದ ಆಲ್ಬಮ್ ಬಿಚ್ಚುತ್ತಾಳೆ. ಭೂಮಿ ಬಾಯಿ ಬಿಡಬಾರದೇ ಎಂದು ಹುಡುಗಿ ಒದ್ದಾಡುತ್ತಾಳೆ. ಕಡೆಗೆ ಹುಡುಗನಿಗೆ ಆ ಅಪ್ಪ ಅಮ್ಮನೇ ಇಷ್ಟವಾಗಿಬಿಡುತ್ತಾರೆ. ಸುಖಾಂತ!

ಈ ಕಥೆ ಹೊಸದಲ್ಲ. 1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರಿಜುಡಿಸ್’ನಲ್ಲೂ ಇದೇ ಗೋಳು. ನೃತ್ಯಕೂಟದ ಊಟದ ಮೇಜಿನಲ್ಲಿ ಎಲಿಜಬೆತ್‌ಳ ತಾಯಿ, ಹಿರಿಮಗಳಿಗೆ ಶ್ರೀಮಂತ ವರ ಸಿಕ್ಕಿದ ಹಾಗೆಯೇ ಎಂದು ಎಲ್ಲರಿಗೂ ಕೇಳುವಂತೆ ಹರಟುತ್ತಾಳೆ. ಎದುರಿಗೇ ಡಾರ್ಸಿ ಕುಳಿತಿದ್ದಾನೆ. ಎಲಿಜಬೆತ್ ನಾಚಿಕೆಯಿಂದ ಕೆಂಪಾಗುತ್ತಾಳೆ.

ಈ ಕೆಂಪಾಗುವ ವಿಷಯ ನನ್ನ ವ್ಯಾಪ್ತಿಗೆ ಬರುವಂಥದು. ಚಾರ್ಲ್ಸ್ ಡಾರ್ವಿನ್ ಭಾವನೆಗಳ ಅಭಿವ್ಯಕ್ತಿಯ ಕುರಿತು 1872ರಲ್ಲಿ ಬರೆದ ಗ್ರಂಥದಲ್ಲಿ ಇದಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ಶಿಶುಗಳು ಕೆಂಪೇರುವುದಿಲ್ಲ, ಮುದುಕರಿಗಿಂತ ಎಳೆಯರು ಹೆಚ್ಚು ಕೆಂಪೇರುತ್ತಾರೆ ಎಂದು ಗುರುತಿಸಿದ. ಕಣ್ಣು ಕಿವಿ ಎರಡೂ ಇಲ್ಲದ ಲಾರಾ ಬ್ರಿಜ್‌ಮನ್ ಎಂಬಾಕೆಯ ಮುಖವೂ ಕೆಂಪೇರುತ್ತಿತ್ತು ಎಂದು ದಾಖಲಿಸಿದ. ಅಂದರೆ ಇದು ನೋಡಿ ಕಲಿತ ಅಭಿನಯವಲ್ಲ. ನಮ್ಮ ಅಂಕೆಗೆ ಸಿಗದ ನರಗಳ ಆಜ್ಞೆಯಂತೆ ಮುಖದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ರಕ್ತ ನುಗ್ಗುತ್ತದೆ. ಕರಾವಳಿಯ ನಮ್ಮ ಚರ್ಮದಲ್ಲಿ ಬಣ್ಣ ಅಷ್ಟಾಗಿ ಕಾಣದಿರಬಹುದು; ಕಿವಿ ಬಿಸಿಯಾಗುವುದಂತೂ ತಪ್ಪುವುದಿಲ್ಲ.

ಹದಿಹರೆಯದಲ್ಲೇ ಇದೇಕೆ ಇಷ್ಟು ಜಾಸ್ತಿ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮಕ್ಕಳಿಗೆ ತಾಯಿಯ ದನಿಯನ್ನೂ ಅಪರಿಚಿತ ಹೆಂಗಸರ ದನಿಯನ್ನೂ ಕೇಳಿಸಿ ಮಿದುಳಿನ ಚಿತ್ರ ತೆಗೆದರು. ಸಣ್ಣ ಮಕ್ಕಳ ಮಿದುಳಿನಲ್ಲಿ ಖುಷಿಗೆ ಸಂಬಂಧಿಸಿದ ಭಾಗಗಳು ತಾಯಿಯ ದನಿಗೇ ಹೆಚ್ಚು ಸ್ಪಂದಿಸಿದರೆ, ಹದಿಮೂರು ದಾಟಿದವರಲ್ಲಿ ಅಪರಿಚಿತ ದನಿಗೆ ಹೆಚ್ಚು. 2022ರಲ್ಲಿ ಪ್ರಕಟವಾದ ಸಂಗತಿ ಇದು. ಮಗಳು ಕರೆದರೆ ಓಗೊಡುವುದಿಲ್ಲ ಎಂದು ಕೊರಗುವ ತಾಯಂದಿರು ಗಮನಿಸಬೇಕು: ದ್ವೇಷವಲ್ಲ, ವಯಸ್ಸು.

ಇನ್ನೊಂದು ಪ್ರಯೋಗವನ್ನು ನಾನು ತರಗತಿಯಲ್ಲೂ ಹೇಳುವುದುಂಟು. ವಿದ್ಯಾರ್ಥಿಗೆ ಮುಜುಗರ ಹುಟ್ಟಿಸುವ ಚಿತ್ರವಿರುವ ಅಂಗಿ ತೊಡಿಸಿ, ಉಳಿದವರು ಕುಳಿತಿದ್ದ ಕೋಣೆಗೆ ಕಳುಹಿಸಿದರು. ಎಷ್ಟು ಮಂದಿ ಗಮನಿಸಿರಬಹುದು ಎಂದು ಕೇಳಿದರೆ ಸುಮಾರು ಅರ್ಧದಷ್ಟು ಎಂದ. ನಿಜಕ್ಕೂ ಗಮನಿಸಿದವರು ಕಾಲು ಭಾಗದಷ್ಟು. ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗ. ಲೋಕವೆಲ್ಲ ನಮ್ಮನ್ನೇ ನೋಡುತ್ತಿದೆ ಎಂಬುದು ಮುಕ್ಕಾಲು ಭ್ರಮೆ ಎಂದರೆ ಮಕ್ಕಳು ನಗುತ್ತಾರೆ, ಅವರಿಗೆ ಸಮಾಧಾನವೂ ಆಗುತ್ತದೆ.

ಆದರೆ ಹಿಂದಿನ ಬೆಂಚಿನ ಆ ಕಾದಂಬರಿಯನ್ನು ಮಂಗಳೂರಿನಲ್ಲಿ ಬರೆದರೆ ಅಪ್ಪ ಅಮ್ಮ ಯಾರಾಗಿರುತ್ತಾರೆ? ಜೋಕು ಹೇಳುವ ಅಪ್ಪನಲ್ಲ. ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಕಟ್ಟುವ ಅಪ್ಪ ಇರಬಹುದು. ರಾತ್ರಿ ದ್ರೌಪದಿಯಾಗಿದ್ದವರು ಬೆಳಿಗ್ಗೆ ಕಣ್ಣಂಚಿನಲ್ಲಿ ಕಾಡಿಗೆ ಉಳಿಸಿಕೊಂಡೇ ಶಾಲೆಗೆ ಫೀಸು ಕಟ್ಟಲು ಬಂದರೆ ಮಗನ ಗತಿಯೇನು! ಬಂದರಿನಿಂದ ಮೀನಿನ ಬುಟ್ಟಿಯೊಂದಿಗೆ ಬಸ್ ಹತ್ತುವ ಅಮ್ಮ ಇರಬಹುದು. ಹುಡುಗನ ಜೊತೆ ಹಂಪನಕಟ್ಟೆಯಲ್ಲಿ ಗಡ್‌ಬಡ್ ತಿಂದು ಬಂದ ಹುಡುಗಿ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಆಚೆಯಿಂದ “ಓ ಬಾಲೇ, ಇಂಚಿ ಬಲ” ಎಂಬ ಕೂಗು ಕೇಳಬಹುದು. ಬೀಡಿ ಕಟ್ಟುವ ಅಮ್ಮನಂತೂ ನಮ್ಮ ಶಾಲೆಗಳ ನೂರಾರು ಮಕ್ಕಳಿಗಿದ್ದಾರೆ. “ಅಮ್ಮನಿಗೆ ಜ್ವರ ಸರ್” ಎಂದು ಹುಡುಗಿ ಹೆತ್ತವರ ಸಭೆಯಲ್ಲಿ ಹೇಳುತ್ತಿರುವಾಗ ಜ್ವರವಿಲ್ಲದ ಆ ಅಮ್ಮ ಗೇಟಿನ ಹೊರಗೆ ಕೊಡೆ ಹಿಡಿದು ನಿಂತಿರುವುದನ್ನು ನಾನು ಒಮ್ಮೆಯಲ್ಲ, ಹಲವು ಸಲ ಕಂಡಿದ್ದೇನೆ.

ಇಲ್ಲಿ ಅಂಗಿಯ ಪ್ರಯೋಗ ಪೂರ್ತಿ ನಡೆಯುವುದಿಲ್ಲ. ಏಕೆಂದರೆ ಜನ ನಿಜಕ್ಕೂ ನೋಡುತ್ತಾರೆ. ಮೀನಿನ ವಾಸನೆಗೆ ಮೂಗು ಮುಚ್ಚುತ್ತಾರೆ, ತುಳು ಬೆರೆತ ಇಂಗ್ಲಿಷಿಗೆ ನಗುತ್ತಾರೆ. ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ನಲ್ಲಿ ಪಿಪ್ ಎಂಬ ಅನಾಥ ಹುಡುಗನನ್ನು ಸಾಕುವವನು ಅವನ ಭಾವ, ಕಮ್ಮಾರ ಜೋ. ಎಸ್ಟೆಲ್ಲಾ ಎಂಬ ಚೆಲುವೆ ಪಿಪ್‌ನ ಒರಟು ಕೈ, ದಪ್ಪ ಬೂಟು ನೋಡಿ ಹಂಗಿಸುವವರೆಗೆ ಅವನಿಗೆ ಜೋನ ಬಗ್ಗೆ ನಾಚಿಕೆಯೇ ಇರಲಿಲ್ಲ. ಕೆಂಪಾಗುವುದು ಪ್ರಕೃತಿಯ ಕೆಲಸ. ಯಾವುದಕ್ಕೆ ಕೆಂಪಾಗಬೇಕು ಎಂಬುದನ್ನು ಕಲಿಸುವವರು ನಾವು. ಹೆತ್ತವರ ಸಭೆಯಲ್ಲಿ ಇಂಗ್ಲಿಷ್ ಬಾರದ ತಾಯಿಗೆ ಇಂಗ್ಲಿಷಿನಲ್ಲೇ ಅಂಕಪಟ್ಟಿ ವಿವರಿಸುವ ಮೇಷ್ಟರಿದ್ದಾರೆ. ಅಮ್ಮ ಅರ್ಥವಾಗದೆ ಮಗಳ ಮುಖ ನೋಡುತ್ತಾಳೆ, ಮಗಳು ನೆಲ ನೋಡುತ್ತಾಳೆ. ಮುಂದಿನ ಸಭೆಯ ಹೊತ್ತಿಗೆ ಅಮ್ಮನಿಗೆ ಜ್ವರ ಬಂದಿರುತ್ತದೆ.

ನಮ್ಮ ಜಿಲ್ಲೆಯ ಕೆಲವು ಶಾಲೆಗಳಲ್ಲಿ 2010ರಿಂದ ತುಳುವನ್ನು ತೃತೀಯ ಭಾಷೆಯಾಗಿ ಕಲಿಯಬಹುದು. ಒಳ್ಳೆಯದೇ. ಆದರೆ ತುಳು ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿಯೂ ಗೆಳತಿಯರ ಎದುರು ಅಮ್ಮನ ಫೋನಿಗೆ ತುಳುವಿನಲ್ಲಿ ಉತ್ತರಿಸಲು ಹಿಂಜರಿಯುವುದುಂಟು.

ಕನ್ನಡದಲ್ಲಿ ಯಾರಾದರೂ ಆ ಕಾದಂಬರಿ ಬರೆಯಲಿ. ಪ್ರೀತಿ ಪ್ರೇಮ ಧಾರಾಳವಾಗಿರಲಿ, ನನ್ನ ತಕರಾರಿಲ್ಲ. ಆದರೆ ಹುಡುಗ ದೊಡ್ಡ ಮನಸ್ಸು ಮಾಡಿ ಅಮ್ಮನನ್ನು ‘ಸ್ವೀಕರಿಸುವ’ ದೃಶ್ಯ ಬೇಡ. ಅದು ಎಸ್ಟೆಲ್ಲಾಳ ಹಂಗಿಸುವಿಕೆಗಿಂತ ಬಹಳ ದೂರವೇನಲ್ಲ. ಅವನು ಜಗಲಿಗೆ ಬಂದು, ತಡ್ಪೆಯ ಪಕ್ಕ ಕುಳಿತು, ದಿನಕ್ಕೆ ಎಷ್ಟು ಕಟ್ಟುತ್ತೀರಿ ಎಂದು ಕೇಳಲಿ. ಕೈ ನಿಲ್ಲಿಸದೆ ಆಕೆ, ಸಾವಿರ ಆಗುತ್ತದೆ ಮಗಾ, ಇವಳು ಎಲೆ ಕತ್ತರಿಸಿ ಕೊಟ್ಟ ದಿನ ಸ್ವಲ್ಪ ಜಾಸ್ತಿ, ಎನ್ನಲಿ.